ಬಹುವಚನ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಆಫೀಸಿನಲ್ಲಿ ಜನ ಕಡಿಮೆ ಮಾಡುತ್ತಾರೆಂಬ ಸುದ್ದಿ ಹಬ್ಬಿದಾಗ, ಗಂಡನನ್ನು ಆನ್‌ಲೈನ್ ಕೋರ್ಸಿಗೆ ಸೇರಿಸಿದವಳು ಸುಕನ್ಯಾ. ಇಬ್ಬರದೂ ಅಲ್ಲೇ ಕೆಲಸ. ಸರ್ಟಿಫಿಕೇಟ್ ಇದ್ದವರನ್ನು ಉಳಿಸಿಕೊಳ್ಳುತ್ತಾರೆಂದು ಅವಳ ನಂಬಿಕೆ. ಕೋರ್ಸಿನ ಹೆಸರು ‘ಕಹಿಸುದ್ದಿಯನ್ನು ಹಿತವಾಗಿ ಹೇಳುವ ಕಲೆ’. ಪರೀಕ್ಷೆಯಲ್ಲಿ ಪಕ್ಕದಲ್ಲೇ ಕೂತು ಉತ್ತರ ಹೇಳಿಕೊಟ್ಟವಳೂ ಅವಳೇ.

ಭಾನುವಾರ ಸರ್ಟಿಫಿಕೇಟ್ ಮೊಬೈಲಿಗೆ ಬಂತು. ಅದರ ಹಿಂದೆಯೇ ಮ್ಯಾನೇಜರ್ ಫೋನು. ಮಾತು ಮುಗಿಸಿದ ಗಂಡ ಅವಳೆದುರು ಕುರ್ಚಿ ಎಳೆದುಕೊಂಡು ಕೂತ.

“ನನ್ನ ಕೆಲಸ ಉಳೀತು. ಹೋಗೋರಿಗೆ ವಿಷಯ ತಿಳಿಸೋ ಜವಾಬ್ದಾರಿ ನನಗೇ ಕೊಟ್ಟಿದ್ದಾರೆ.”

“ನಾನು ಹೇಳಿರ್ಲಿಲ್ವಾ!” ಅವಳು ಹಿಗ್ಗಿದಳು. “ಎಲ್ಲಿ, ನನ್ನ ಮುಂದೆ ಒಂದ್ಸಲ ಹೇಳಿ ನೋಡೋಣ.”

ಅವನು ನೀರಿನ ಲೋಟ ಮುಂದಿಟ್ಟ. “ನಾಳೆಯಿಂದ ನಿನಗೆ ಕೆಲಸ ಇಲ್ಲ. ನೀರು ಕುಡಿ.”

“ಅಯ್ಯೋ, ಹಾಗಲ್ಲ ರೀ! ಕೆಲಸದಿಂದ ತೆಗೆಯುವಾಗ ಬಹುವಚನದಲ್ಲೇ ಮಾತಾಡ್ಬೇಕು ಅಂತ ಪಾಠದಲ್ಲಿ ಇತ್ತಲ್ಲ? ಮುಖ ನೋಡಿ ಹೇಳಿ.”

ಅವನು ಮುಖ ನೋಡಿದ. “ಸುಕನ್ಯಾ ಅವರೇ, ಇಷ್ಟು ವರ್ಷ ನೀವು ದುಡಿದಿದ್ದನ್ನ ಕಂಪನಿ ಮರೆಯೋದಿಲ್ಲ. ನಾಳೆಯಿಂದ ನೀವು ಬರೋದು ಬೇಡ.”

ಅವಳು ಚಪ್ಪಾಳೆ ತಟ್ಟಿ ನಕ್ಕಳು. “ನಿಮ್ಮ ಬಾಯಲ್ಲಿ ‘ನೀವು’ ಅನ್ನಿಸ್ಕೊಳ್ಳೋಕೆ ಇಷ್ಟು ವರ್ಷ ಬೇಕಾಯ್ತು ನೋಡಿ! ಈಗ ಸರಿಹೋಯ್ತು. ಪಾಪ, ನಾಳೆ ಮೊದಲು ಯಾರಿಗೆ ಹೇಳ್ಬೇಕು?”

“ನಾಳೆ ಯಾರಿಗೂ ಇಲ್ಲ. ಇದ್ದಿದ್ದು ಒಬ್ರೇ,” ಎಂದು ಅವನು ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿದ. “ನೀರು ಕುಡೀರಿ.”