ಮುಖಪುಟದ ದೋಣಿ

ಎದುರು ಕುಳಿತಿದ್ದ ಮನುಷ್ಯ ಗುಡ್ಡದ ಕಾಲೇಜಿನ ಗೂಢಚಾರನೇ ಇರಬೇಕೆಂದು ಅಡ್ಮಿಷನ್ ಅಧಿಕಾರಿಗೆ ಮೂರನೆಯ ಪ್ರಶ್ನೆಗೇ ಅನುಮಾನ ಬಂತು. ಮಗನಿಗೆ ಸೀಟು ಕೇಳಿಕೊಂಡು ಬರುವ ಅಪ್ಪಂದಿರು ಫಲಿತಾಂಶ ವಿಚಾರಿಸುತ್ತಾರೆ, ಹಾಸ್ಟೆಲಿನ ಊಟ ವಿಚಾರಿಸುತ್ತಾರೆ. ಕೆರೆಯ ಆಳ ಎಷ್ಟೆಂದು ಯಾರೂ ಕೇಳುವುದಿಲ್ಲ.

“ತಾವು ಏನು ಮಾಡಿಕೊಂಡಿದ್ದೀರಿ ಸಾರ್?”

“ಕನ್ನಡಕದ ಅಂಗಡಿ.”

ಅಧಿಕಾರಿಗೆ ಉಸಿರು ಬಂತು. ಗಿರಾಕಿಗಳಿಂದ ಕೊನೆಯ ಸಾಲಿನ ಸಣ್ಣಕ್ಷರದವರೆಗೆ ಓದಿಸುವವನು, ಇಲ್ಲಿ ಬಂದು ಸುಮ್ಮನೆ ಕೂರುತ್ತಾನೆಯೇ.

ಗುಡ್ಡದ ಕಾಲೇಜು ಎಂದರೆ ಅಧಿಕಾರಿಗೆ ಹೊಟ್ಟೆಯಲ್ಲಿ ಕೆಂಡ. ಒಂಬತ್ತು ವರ್ಷ ಅಲ್ಲಿನ ಸೀಟು ತುಂಬಿಸಿದ್ದ. ಒಂದು ಬೆಳಿಗ್ಗೆ ಹೋದರೆ ಅವನ ಕುರ್ಚಿಯಲ್ಲಿ ಅಲ್ಲಿನ ಪ್ರಾಂಶುಪಾಲರ ಅಳಿಯ ಕುಳಿತಿದ್ದ, ಅವನದೇ ಲೋಟದಲ್ಲಿ ಚಹಾ ಕುಡಿಯುತ್ತ. ಕುರ್ಚಿಯನ್ನು ಹೇಗೋ ಮರೆಯಬಹುದಿತ್ತು, ಲೋಟವನ್ನು ಮರೆಯಲಾಗಲಿಲ್ಲ. ಕೆರೆದಂಡೆಯ ಈ ಕಾಲೇಜಿಗೆ ಬಂದು ನಾಲ್ಕು ತಿಂಗಳಾಗಿತ್ತು. ಗುಡ್ಡಕ್ಕೆ ಹೋಗುವ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಇತ್ತ ಎಳೆಯುತ್ತೇನೆಂದು ಪಣ ತೊಟ್ಟಿದ್ದ. ಸೇಡಿಗೆ ತಾಳ್ಮೆ ಬೇಕು, ತನಗದು ಇದೆ ಎಂಬ ಹೆಮ್ಮೆ ಬೇರೆ.

ಓದು ಅಲ್ಲೂ ಚೆನ್ನಾಗಿತ್ತು. ಆಟವೂ ಜೋರಾಗಿಯೇ ಇತ್ತು. ನೀರು ಮಾತ್ರ ಇರಲಿಲ್ಲ. ಬೇಸಿಗೆಯಲ್ಲಿ ನಲ್ಲಿಗೂ ಬರುತ್ತಿರಲಿಲ್ಲ. ಹಾಗಾಗಿ ಅಧಿಕಾರಿ ನೀರನ್ನೇ ಮಾರಲು ಕುಳಿತ. ಮಾಹಿತಿ ಪುಸ್ತಕದಲ್ಲಿ ಕೆರೆಯನ್ನು ಸರೋವರ ಮಾಡಿದ. ಹಳೆಯ ಬೀರುವಿನ ತಳದಲ್ಲಿ ಸಿಕ್ಕಿದ ಫೋಟೋ ಒಂದನ್ನು ಮುಖಪುಟಕ್ಕೇರಿಸಿದ: ಉದ್ದನೆಯ ದೋಣಿ, ಹುಟ್ಟು ಹಾಕುತ್ತಿರುವ ನಾಲ್ವರು ಹುಡುಗರು, ಮೂರನೆಯವನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಾನೆ. ಇಂಥದ್ದನ್ನು ರದ್ದಿಯ ಅಡಿಯಲ್ಲಿ ಒತ್ತಿಟ್ಟು ಹೋದ ಹಿಂದಿನ ಅಧಿಕಾರಿಯ ಬುದ್ಧಿಗೆ ಏನೆನ್ನಬೇಕು. ಇಲ್ಲಿನ ಪ್ರಾಂಶುಪಾಲರು ತಿಂಗಳ ರಜೆಯಲ್ಲಿದ್ದರು. ಬಂದ ಮೇಲೆ ನೋಡಿ ಬೆರಗಾಗಲಿ ಎಂದು ಅವರನ್ನು ಕೇಳದೆಯೇ ಅಚ್ಚು ಹಾಕಿಸಿದ್ದ.

ಆ ಮುಖಪುಟದ ಮೇಲೀಗ ಕನ್ನಡಕದವನ ಬೆರಳಿತ್ತು.

“ಈ ದೋಣಿ ನಿಮ್ಮದೇನಾ?”

“ಮತ್ತೆ? ಬಾಡಿಗೆಗೆ ತಂದಿದ್ದು ಅಂದುಕೊಂಡ್ರಾ?”

“ಕೆರೇಲಿ ಒಂದೂ ಕಾಣಲಿಲ್ಲ.”

ಅಧಿಕಾರಿಗೂ ಇದುವರೆಗೆ ಕಂಡಿರಲಿಲ್ಲ. “ಬಣ್ಣ ಬಳಿಯೋಕೆ ಹೋಗಿವೆ,” ಎಂದ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ. “ಮಗನಿಗೆ ಈಜು ಬರುತ್ತಾ?”

“ಇಲ್ಲ.”

“ಚಿಂತೆ ಬಿಡಿ. ನಮ್ಮ ಕೋಚ್ ಕಲಿಸ್ತಾರೆ.”

“ಎಲ್ಲರೂ ಹಾಗೇ ಹೇಳ್ತಾರೆ.” ಅವನು ಕನ್ನಡಕ ತೆಗೆದು ಒರೆಸಿದ. ಅದು ಮೊದಲೇ ಸ್ವಚ್ಛವಾಗಿತ್ತು.

“ವಯಸ್ಸು?”

“ಈ ತಿಂಗಳಿಗೆ ಹತ್ತೊಂಬತ್ತು.”

“ಓ, ಒಂದು ವರ್ಷ ಹಾಳಾಗಿದೆ.”

“ಹಾಳಾಗಿದೆ.”

“ಅವನನ್ನೂ ಕರಕೊಂಡು ಬರಬೇಕಿತ್ತು ಸಾರ್. ಈ ಜಾಗ ಒಂದು ಸಲ ನೋಡಿದ್ರೆ ಬಿಟ್ಟು ಹೋಗಲ್ಲ.”

“ನೋಡಿದ್ದಾನೆ. ನಾನು ಗುಡ್ಡದ ಕಾಲೇಜು ಅಂದೆ. ಓದು, ಆಟ, ನೀರು ಮೂರೂ ಇರೋದು ಇಲ್ಲೇ ಅಪ್ಪ ಅಂತ ಹಟ ಮಾಡಿದವನು ಅವನೇ.”

ಮೀನು ಗಾಳ ಕಚ್ಚಿತೆಂದು ಅಧಿಕಾರಿ ಅರ್ಜಿಯ ನಮೂನೆ ಮುಂದೆ ಸರಿಸಿದ. ಕನ್ನಡಕದವನು ಸಾವಕಾಶವಾಗಿ ತುಂಬಿದ, ಜೇಬಿನಿಂದ ಮಗನ ಭಾವಚಿತ್ರ ತೆಗೆದು ಅಂಟಿಸಿದ, ಮಡಿಸಿ ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟ.

“ಒಂದೇ ಮಾತು. ಗುಡ್ಡದವರು ಹೇಳಿದ್ದನ್ನೆಲ್ಲ ಬರೆದು, ಸೀಲು ಹಾಕಿ ಕೊಡ್ತಾರೆ. ಅಲ್ಲೊಬ್ಬರು ಇದ್ದಾರಲ್ಲ, ಪ್ರಾಂಶುಪಾಲರ ಅಳಿಯ. ಕೆರೆ ಕಾಲೇಜಿನ ಮಾತು ಬಾಯಿಂದ ಆಚೆ ಬರುತ್ತೆ, ಪೆನ್ನಿಂದ ಬರಲ್ಲ ಅಂತ ನಕ್ಕರು.”

ಅಧಿಕಾರಿಯ ಕಣ್ಣ ಮುಂದೆ ಚಹಾ ಲೋಟ ಬಂದು ನಿಂತಿತು.

ಕಾಲೇಜಿನ ಹೆಸರಿರುವ ಕಾಗದ ಎಳೆದುಕೊಂಡ. ಮುಖಪುಟದ ದೋಣಿ ಕಾಲೇಜಿನದೇ. ಹುಡುಗರು ಕಾಲೇಜಿನವರೇ. ಅಭ್ಯಾಸ ನಡೆಯುವುದು ಕಾಲೇಜಿನ ಅಪ್ಪಣೆಯಂತೆ, ಕಾಲೇಜಿನ ಕೋಚ್ ಎದುರಿನಲ್ಲೇ. ಸಹಿ ಹಾಕಿದ. ಸೀಲನ್ನು ಎರಡು ಸಲ ಒತ್ತಿದ, ಒಂದು ಅಳಿಯನ ಹೆಸರಿನಲ್ಲಿ.

“ಫೋಟೋ ಯಾವಾಗಿನದು?”

ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಟ್ಟರೇ ವ್ಯಾಪಾರ. ಅಧಿಕಾರಿ ಡ್ರಾಯರಿನಿಂದ ಮೂಲ ಫೋಟೋವನ್ನೇ ತೆಗೆದು ತಿರುಗಿಸಿ ತೋರಿಸಿದ: ಕೋಚ್ ಕೈಬರಹದಲ್ಲಿ ಹೋದ ವರ್ಷದ ತಾರೀಖು, ನಾಲ್ವರ ಹೆಸರು, ಕೆಳಗೆ ಕಾಲೇಜಿನ ಸೀಲು.

ಕನ್ನಡಕದವನು ಅದನ್ನು ಬಹಳ ಹೊತ್ತು ನೋಡಿದ. “ಇಟ್ಟುಕೊಳ್ಳಲಾ?”

“ಮಗನಿಗೆ ತೋರಿಸೋಕಾ? ಧಾರಾಳವಾಗಿ.”

“ಅವನ ಅಮ್ಮನಿಗೆ.”

ಬಾಗಿಲವರೆಗೆ ಹೋಗಿ ಬೀಳ್ಕೊಡುತ್ತ ಅಧಿಕಾರಿಗೆ ತಡೆಯಲಾಗಲಿಲ್ಲ. “ಆ ಕಾಗದ ಒಂದು ಸಲ ಗುಡ್ಡದವರ ಮುಖಕ್ಕೆ ಹಿಡೀರಿ ಸಾರ್. ಉಪ್ಪು ತಿಂದವರು ನೀರು ಕುಡಿಯಲೇಬೇಕು.”

“ಕುಡಿಯಲೇಬೇಕು,” ಎಂದು ಅವನು ಕೈ ಕುಲುಕಿದ. “ತೋರಿಸಬೇಕಾದವರಿಗೆ ಇವತ್ತೇ ತೋರಿಸ್ತೀನಿ.”

ಅವನು ಗೇಟು ದಾಟುವವರೆಗೆ ಕಿಟಕಿಯಲ್ಲಿ ನಿಂತು ನೋಡಿ, ಅಧಿಕಾರಿ ಅರ್ಜಿಯನ್ನು ಬಿಚ್ಚದೆಯೇ ಎತ್ತಿಕೊಂಡು, ಅಂದೇ ರಜೆ ಮುಗಿಸಿ ಬಂದಿದ್ದ ಪ್ರಾಂಶುಪಾಲರ ಕೋಣೆಗೆ ಹೋದ. ಮಾಹಿತಿ ಪುಸ್ತಕ ಅವರ ಮುಂದಿಟ್ಟ. ಬರೆದುಕೊಟ್ಟ ಕಾಗದದ ಸಂಗತಿ, ಫೋಟೋದ ಸಂಗತಿ, ಎರಡು ಸೀಲಿನ ಸಂಗತಿ ಎಲ್ಲವನ್ನೂ ಹೇಳಿದ. “ಗುಡ್ಡದವರ ಬಾಯಿಂದ ಕಿತ್ತು ತಂದೆ ಸಾರ್.”

ಪ್ರಾಂಶುಪಾಲರು ಅರ್ಜಿ ಬಿಚ್ಚಿದರು. ಭಾವಚಿತ್ರದ ಹುಡುಗ ಕಣ್ಣು ಮುಚ್ಚಿಕೊಂಡು ನಗುತ್ತಿದ್ದ. ‘ಹಿಂದೆ ಓದಿದ ಕಾಲೇಜು’ ಎಂಬಲ್ಲಿ ದುಂಡಗೆ ಬರೆದಿತ್ತು: ‘ಇದೇ.’

“ಈ ಹುಡುಗ ಹೋದ ವರ್ಷ ಈ ಕೆರೆಯಲ್ಲೇ ಮುಳುಗಿ ಸತ್ತ,” ಎಂದರು ಅವರು. “ನಮ್ಮಲ್ಲಿ ದೋಣಿ ಅನ್ನೋದೇ ಇರಲಿಲ್ಲ, ಅವನೇ ಬೇಲಿ ಹಾರಿ ನೀರಿಗಿಳಿದ ಅಂತ ಅವತ್ತಿನಿಂದ ಕೋರ್ಟಿನಲ್ಲಿ ಹೇಳ್ತಾ ಬಂದಿದ್ದೀವಲ್ಲಯ್ಯ.”