ಗಂಟೆಗೊಂದು ಕೂಗು

ತಂಗಿಯ ಮಗ ಕಳಿಸಿದ ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ತೆರೆದುಕೊಂಡಿತು. ವಿಶಾಲಾಕ್ಷಿ ಟೀಚರ್ ಮೊದಲು ಅಕ್ಷರ ದೊಡ್ಡದು ಮಾಡಿಕೊಂಡರು. ತೀರಿಕೊಂಡ ಗಂಡನ ಮೊಬೈಲಿನಲ್ಲಿ ಅವರ ದನಿಯ ರೆಕಾರ್ಡಿಂಗ್ ಒಂದೇ ಒಂದು ಉಳಿದಿತ್ತು. ಅದನ್ನು ಇದಕ್ಕೆ ಸಾಗಿಸಿ, ಗಂಟೆಗೊಮ್ಮೆ ಕೂಗುವಂತೆ ಹೊಂದಿಸಿ, ಖಾಲಿಯಾದ ಮೊಬೈಲನ್ನು ಕೆಲಸದವಳಿಗೆ ಕೊಟ್ಟುಬಿಟ್ಟರು.

“ಕಾಫಿ ಆಯ್ತೇನೇ?”

“ತರ್ತಿದೀನಿ, ಇರಿ,” ಎಂದು ನಾಲ್ಕು ದಿನವೂ ಅಡುಗೆಮನೆಯಿಂದಲೇ ಉತ್ತರಿಸಿದರು.

ಐದನೆಯ ದಿನ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡರು.

“ಇನ್‌ಸ್ಟಾಲ್ ಮಾಡಿದ್ರಾ, ದೊಡ್ಡಮ್ಮ?”

“ಅದೇನೋ ಅದು? ಪೆನ್‌ಡ್ರೈವ್ ಹಾಕ್ದೆ, ಬಂತು.”

“ಅಯ್ಯೋ, ಅದು ಬರೀ ನೋಡೋಕೆ. ಆಫ್ ಮಾಡಿದ್ರೆ ನೀವು ಹಾಕಿದ್ದೆಲ್ಲ ಅಳಿಸಿಹೋಗುತ್ತೆ. ಮುಟ್ಬೇಡಿ, ಈಗಲೇ ಬರ್ತೀನಿ.”



“ಕೂಗಿ ಕೂಗಿ ಸುಸ್ತಾಗಿರ್ತಾರೆ ಅಂತ, ಆಫ್ ಮಾಡಿಯೇ ನಿಂಗೆ ಫೋನ್ ಮಾಡಿದ್ದು ಕಣೋ.”