ನಲವತ್ತು ಮೈಕ್ರಾನ್

ಗಂಗಾಧರ ಸಾಹುಕಾರರು ಬೆಳಿಗ್ಗೆಯಿಂದ ಒಂದು ಕಡೆ ಕೂತಿರಲಿಲ್ಲ...

ಬೆಳಗಾವಿಯ ಉದ್ಯಮಬಾಗದಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪ್. ಎಂಟು ಜನ ಕೆಲಸಗಾರರು, ಒಂದು ದೊಡ್ಡ ಮಿಲ್ಲಿಂಗ್ ಮಷಿನ್.

ಹನ್ನೊಂದು ದಿನಗಳಿಂದ ಆ ಮಷಿನ್ ಕೊರೆದ ತೂತುಗಳೆಲ್ಲ ಅಳತೆಗಿಂತ ದೊಡ್ಡದಾಗಿ ಬರುತ್ತಿದ್ದವು. ಸ್ಪಿಂಡಲ್‌ನಲ್ಲಿ, ಅಂದರೆ ಗರಗರ ತಿರುಗುವ ದಂಡದ ಬಾಯಲ್ಲಿ, ಕೂರಿಸಿದ ಟೂಲ್ ನೇರವಾಗಿ ತಿರುಗುತ್ತಿರಲಿಲ್ಲ. ಅಲುಗಾಟ ಅಳೆಯುವ ಡಯಲ್ ಹಚ್ಚಿ ನೋಡಿದರೆ ನಲವತ್ತು ಮೈಕ್ರಾನ್ ಅಲುಗಾಟ...

ಕೂದಲೆಳೆಯ ಅರ್ಧದಷ್ಟು. ಮಾಲು ರಿಜೆಕ್ಟ್ ಆಗಲು ಅಷ್ಟು ಸಾಕು.

"ಅಡಿವೆಪ್ಪ ಎಲ್ಲೋ ಟೂಲ್ ಬಡದಾನ." ಸಾಹುಕಾರರು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟಿದ್ದರು.

ಹತ್ತೊಂಬತ್ತು ವರ್ಷ ಅದೇ ಮಷಿನ್ ನಡೆಸಿದ ಅಡಿವೆಪ್ಪನನ್ನು ಮೂಲೆಯ ಬೆಂಚಿಗೆ ಹಾಕಿದರು. ಅರ ಹಿಡಿದು ಅಂಚು ಉಜ್ಜುವ ಕೆಲಸ.

"ಅಡಿವೆಪ್ಪಣ್ಣಾ, ಅರ ನಿನಗ ಚಲೋ ಒಪ್ಪತೈತಿ ನೋಡು!" ಎಂದು ಪಕ್ಕದ ಲೇತ್ ಮಷಿನ್ ನಡೆಸುವವರು ನಗುತ್ತಿದ್ದರು. ಅವನು ತಲೆ ಎತ್ತುತ್ತಿರಲಿಲ್ಲ.

ಸ್ಪಿಂಡಲ್‌ಗೆ ಪೆಟ್ಟು ಬಿದ್ದದ್ದು ಖಾತ್ರಿಯಾದರೆ ಆ ಸಂಜೆಯೇ ಅವನ ಕೆಲಸ ಹೋಗುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು...

ಹತ್ತು ಗಂಟೆಗೆ ಸ್ಪಿಂಡಲ್ ರಿಪೇರಿಯ ದಸ್ತಗೀರಸಾಬರು ಬಂದರು.

"ಬೇರಿಂಗ್ ಹೋಗೇತೇನ್ರಿ? ಬಡದದ್ದು ಗೊತ್ತಾಗತೈತಲ್ಲ?" ಸಾಹುಕಾರರು ಅವರ ಸುತ್ತಲೇ ತಿರುಗತೊಡಗಿದರು.

"ನೀವು ಅಲುಗಾಡೂದು ನಿಂತ್ರ, ನಾ ಮಷಿನ್ ಅಲುಗಾಡೂದು ನೋಡ್ತೇನ್ರಿ ಸಾಹುಕಾರ್ರ."

ಸಾಹುಕಾರರು ನಿಂತರು. ಆದರೆ ಕೈಯಲ್ಲಿನ ಪೆನ್ನಿನ ಟಿಕ್‌ಟಿಕ್ ನಿಲ್ಲಲಿಲ್ಲ.

ದಸ್ತಗೀರಸಾಬರು ಟೂಲನ್ನು ಹಿಡಿದಿಡುವ ಹೋಲ್ಡರನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಕೂರಿಸಿ ಅಳೆದರು. ಹೋಲ್ಡರ್ ತಿರುಗಿದರೂ ಅಲುಗಾಟ ಸ್ಪಿಂಡಲ್‌ನ ಅದೇ ಬದಿಗಿತ್ತು.

"ಹೋಲ್ಡರ್ ಸೊಟ್ಟಾಗಿಲ್ಲ."

"ಅಂದ್ರ ಸ್ಪಿಂಡಲ್ಲೇ! ನಾ ಹೇಳಲಿಲ್ಲೇನು?"

ದಸ್ತಗೀರಸಾಬರು ಹೋಲ್ಡರ್ ತೆಗೆದು, ಡಯಲ್‌ನ ಮುಳ್ಳನ್ನು ಸ್ಪಿಂಡಲ್ ಬಾಯಿಯ ಒಳಗೋಡೆಗೇ ತಾಗಿಸಿ ನಿಧಾನ ತಿರುಗಿಸಿದರು...

ಮುಳ್ಳು ಕದಲಲಿಲ್ಲ. ಮುಕ್ಕಾಲು ಸುತ್ತು ಹಾಗೇ ಇತ್ತು. ಒಂದೇ ಒಂದು ಜಾಗದಲ್ಲಿ ಟಕ್ಕನೆ ಹಾರಿ, ಮತ್ತೆ ಮೊದಲಿನಂತಾಯಿತು.

"ಬಡದಿದ್ರ ಹಿಂಗ ಬರೂದಿಲ್ರಿ. ಒಳಗ ಏನೋ ಅಂಟೇತಿ."

ಟಾರ್ಚ್ ಬಿಟ್ಟು ನೋಡಿದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಸಾಹುಕಾರರ ಕೈಗಿಟ್ಟರು.

"ಇದು ಪೂಜಾದ್ದು ಐತ್ರಿ. ನೀವ ಒರಸ್ರಿ."

ಸಾಹುಕಾರರು ಬಗ್ಗಿ ನೋಡಿದರು.

ಎಣ್ಣೆಯಲ್ಲಿ ಕಲಸಿದ ಕುಂಕುಮ. ಒಣಗಿ, ಹೋಲ್ಡರ್‌ನ ಒತ್ತಡಕ್ಕೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅಗಲವಾದ ಒಂದು ಹೆಬ್ಬೆರಳಿನ ಗುರುತು...

ಹನ್ನೆರಡು ದಿನಗಳ ಹಿಂದೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಉಳಿದ ಮಷಿನ್‌ಗಳಿಗೆಲ್ಲ ಹೊರಗೆ ಕುಂಕುಮ ಹಚ್ಚಿದ್ದರು. ಇದೊಂದರ ಮೇಲೆ ಪ್ರೀತಿ ಹೆಚ್ಚು. ಬಾಯೊಳಗೇ ಬೆರಳಿಟ್ಟು ಹಚ್ಚಿದವರು ಬೇರೆ ಯಾರೂ ಅಲ್ಲ... ಸಾಹುಕಾರರೇ.

ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದರು. ದಸ್ತಗೀರಸಾಬರು ಮತ್ತೆ ಹೋಲ್ಡರ್ ಕೂರಿಸಿ ಅಳೆದರು. ಡಯಲ್ ಐದು ಮೈಕ್ರಾನ್ ಕೂಡ ದಾಟಲಿಲ್ಲ.

ಶಾಪಿನಲ್ಲಿ ಎಲ್ಲ ಮಷಿನ್‌ಗಳೂ ನಿಂತಿದ್ದವು. ಸಾಹುಕಾರರು ಮೂಲೆಯ ಬೆಂಚಿನ ಹತ್ತಿರ ಹೋದರು.

"ಹೋಲ್ಡರ್ ಹಾಕೂ ಮುಂದ ದಿನಾ ಒಳಗ ಒರಸ್ತಿದ್ದಿ. ಅದು ಕಾಣಲಿಲ್ಲೇನೋ?"

"ಕಂಡಿತ್ರಿ. ನಿಮ್ಮ ಕೈಲೆ ಹಚ್ಚಿದ ಕುಂಕುಮ... ಅದೊಂದ ಬಿಟ್ಟು ಸುತ್ತಲೂ ಒರಸಿದ್ನಿ."

"ನನಗ್ಯಾಕ ಹೇಳಲಿಲ್ಲ?"

"ಎರಡ ಸಲ ಬಂದಿದ್ನಿರಿ. 'ಮೊದಲ ಬಡದದ್ದು ಒಪ್ಪಕೋ, ಆಮ್ಯಾಲ ಮಾತಾಡು' ಅಂದ್ರಿ."

ಸಾಹುಕಾರರಿಗೆ ನೆನಪಾಯಿತು. ಎರಡೂ ಸಲ ಅವರು ಫೋನಿನಿಂದ ಕಣ್ಣೆತ್ತಿರಲಿಲ್ಲ...

"ಎಲ್ಲಾರೂ ಕೇಳ್ರಿ. ತಪ್ಪು ನಂದು. ಅಡಿವೆಪ್ಪಂದಲ್ಲ." ಅವರು ಅಡಿವೆಪ್ಪನ ಕಡೆ ತಿರುಗಿದರು. "ನಿನಗ ಏನ ಬೇಕು ಹೇಳಪಾ."

ಅಡಿವೆಪ್ಪ ಅರವನ್ನು ಕೆಳಗಿಟ್ಟ.

"ನಮ್ಮ ಮನಿಗೆ ಒಂದ ಫೋನ್ ಮಾಡ್ರಿ. ನಾನ ಮಷಿನ್ ಕೆಡಿಸಿದ್ನಿ ಅಂತ ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ. ನನ್ನ ಹೇಣ್ತಿ ಬಾಯಿಬಿಟ್ಟು ಏನೂ ಕೇಳವಲ್ಲಳು... ಅದ ತಡ್ಕೊಳ್ಳಾಕ ಆಗವಲ್ದು."

ಸಾಹುಕಾರರು ಅಲ್ಲೇ ಫೋನ್ ಹಚ್ಚಿದರು, ಎಲ್ಲರಿಗೂ ಕೇಳುವ ಹಾಗೆ.

"ತಂಗೀ, ಅಡಿವೆಪ್ಪ ಮಷಿನ್ ಕೆಡಿಸಿಲ್ಲವ್ವಾ. ಕೆಡಿಸಿದಾಂವ ನಾನು."



ಆ ಕಡೆಯಿಂದ ಮೆಲ್ಲನೆ ಅಡಿವೆಪ್ಪನ ಹೆಂಡತಿಯ ದನಿ.

"ಹಂಗಾರ ಇವತ್ತರ ಬುತ್ತಿ ಉಣ್ಣಾಕ ಹೇಳ್ರಿ ಅವ್ರಿಗೆ. ಹನ್ನೊಂದ ದಿನ ಆತು, ಡಬ್ಬಿ ತುಂಬಿದ್ದು ತುಂಬಿದಂಗ ಮನಿಗೆ ಬರಾಕತ್ತೈತಿ."


ಯಾರ ತಪ್ಪು ಎಂದು ಅಳೆಯುವ ಮುನ್ನ, ಹೇಳಲು ಬಂದವರ ಮಾತನ್ನು ಪೂರ್ತಿ ಕೇಳಿ.

ನಿಮ್ಮ ಬಳಿ ಬಂದು, ಮಾತು ಮುಗಿಸಲಾಗದೆ ಹಿಂದಿರುಗಿದವರು ಯಾರಾದರೂ ಇದ್ದಾರೆಯೇ...?